ಸವತಿ ಕಲ್ಲು ಮತ್ತು ಸಾಬಮ್ಮನ ಕುರ್ಚಿ

ವಾಡಿಯ ಧೂಳಿನ ಬಗ್ಗೆ ಹೇಳುವವರು ಯಾವಾಗಲೂ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಾರೆ, ಯಾಕೆಂದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಒಮ್ಮೆ ಒಬ್ಬ ಗ್ಯಾಂಗ್‌ಮನ್‌ನ ಮೀಸೆಯಲ್ಲಿ ಸಿಮೆಂಟಿನ ಧೂಳು ಕೂತಿದ್ದ ಹೊತ್ತಿಗೇ ಮಳೆ ಬಂತು. ಮೀಸೆ ಗಟ್ಟಿಯಾಯಿತು. ಕಟಿಂಗ್ ಅಂಗಡಿಯವನು ಕತ್ತರಿ ಕೆಳಗಿಟ್ಟು ಉಳಿ, ಸುತ್ತಿಗೆ ತರಿಸಿದ. ಉದುರಿದ ಎಡಗಡೆಯ ಮೀಸೆ ಈಗಲೂ ಯಾರದೋ ಮನೆಯ ಮೆಟ್ಟಿಲಿಗೆ ಆಧಾರವಾಗಿ ಕೂತಿದೆಯಂತೆ. ಬಲಗಡೆಯದು ಏನಾಯಿತೋ ಗೊತ್ತಿಲ್ಲ.

ಇಂಥ ಊರಿನಲ್ಲಿ ಅಶೋಕಕುಮಾರ ಮಾಸ್ತರು ದೊಡ್ಡವರಿಗಾಗಿ ಸಂಜೆಯ ಇಂಗ್ಲಿಷ್ ಕ್ಲಾಸು ತೆರೆದರು. ಮಾಸ್ತರು ಎಂದು ಜನ ಕರೆಯುತ್ತಿದ್ದರೇ ಹೊರತು ಅವರು ಶಾಲೆಯಲ್ಲಿ ಒಂದು ದಿನವೂ ಕಲಿಸಿದವರಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳಿ ಹೇಳಿ ರಿಟೈರ್ ಆದವರು. ಒಂದು ಚಳಿಗಾಲ ಅವರಿಗೆ ನೆಗಡಿಯಾಗಿ ದನಿ ಕೂತುಬಿಟ್ಟಾಗ, ಕರೆಯದೆ ಹೇಗೆ ಬರುವುದೆಂದು ಮುಂಬಯಿ ಮೇಲ್ ಸಿಗ್ನಲ್ಲಿನ ಆಚೆಯೇ ನಾಚಿ ನಿಂತಿತ್ತಂತೆ. ಕೊನೆಗೆ ಅವರ ಹೆಂಡತಿ ಶುಂಠಿ ಕಷಾಯ ತಂದು ಕುಡಿಸಿದ ಮೇಲೆಯೇ ಅದು ಒಳಗೆ ಬಂದದ್ದು.

ಕೆಲಸದಿಂದ ರಿಟೈರ್ ಆದದ್ದು ಅವರ ಮೈ, ಬಾಯಿಯಲ್ಲ. ಮದುವೆಯ ಊಟವಿರಲಿ, ಸತ್ತವರ ಮನೆಯಿರಲಿ, ದೂರದಲ್ಲಿ ರೈಲು ಕೂಗಿತೆಂದರೆ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ಗಾಡಿಯ ಹೆಸರು, ಬಂದ ದಾರಿ, ಹೋಗುವ ದಾರಿ ಎಲ್ಲ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆಯೇ ತುತ್ತು ಬಾಯಿಗೆ. ಜನ ನಗುತ್ತಿದ್ದರು. ಆದರೆ ಮನೆಯಲ್ಲಿ ಗಡಿಯಾರ ಇಲ್ಲದವರು ಅವರ ಪಕ್ಕದಲ್ಲಿಯೇ ಊಟಕ್ಕೆ ಕೂಡುತ್ತಿದ್ದರು.

ಸ್ಟೇಷನ್ನಿನ ಹಿಂದಿನ ಸಮುದಾಯ ಭವನದಲ್ಲಿ ದೀಪ ಹಚ್ಚುವ ಹೊತ್ತಿಗೆ ಕ್ಲಾಸು. ಬರುವವರು ಪಾನ್ ಅಂಗಡಿಯವರು, ಟೇಲರುಗಳು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಮಷಿನ್ನುಗಳಲ್ಲಿ ಕೆಲಸ ಮಾಡುವ ಹೆಂಗಸರು. ಬಾಗಿಲಲ್ಲಿ ಒಂದು ಅಲ್ಯುಮಿನಿಯಂ ಬೋಗುಣಿ. ಒಳಗೆ ಬರುವವರು ಫೋನು ಬಂದ್ ಮಾಡಿ ಅದರಲ್ಲಿ ಹಾಕಿ ಬರಬೇಕು. ಹೊಸ್ತಿಲು ದಾಟಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಕನ್ನಡ ಇಲ್ಲ, ದಖ್ಖನಿ ಇಲ್ಲ, ತೆಲುಗು ಇಲ್ಲ. ಬಾಯಿ ತಪ್ಪಿದರೆ ಕೊರಳಿಗೆ ಕಲ್ಲು.

ಅದು ಶಹಾಬಾದ್ ಫರ್ಸಿಯ ಒಂದು ಚೌಕ ತುಂಡು. ರೊಟ್ಟಿಯಷ್ಟು ಅಗಲ, ಮೇಲೆ ಒಂದು ತೂತು, ತೂತಿಗೆ ಹಗ್ಗ. ಕಲ್ಲು ಹೊತ್ತವರು ಇನ್ನೊಬ್ಬರ ಬಾಯಿಂದ ಇಂಗ್ಲಿಷ್ ಅಲ್ಲದ ಒಂದು ಮಾತು ಕೇಳಿದರೆ ತೆಗೆದು ಅವರ ಕೊರಳಿಗೆ ಹಾಕಬಹುದು. ಯಾರೂ ಸಿಗದಿದ್ದರೆ ಕಲ್ಲಿನ ಸಮೇತ ಮನೆಗೆ ಹೋಗಿ ಮರುದಿನ ಕಲ್ಲಿನ ಸಮೇತ ಬರಬೇಕು. ಹೆಂಗಸರು ಅದಕ್ಕೆ ಸವತಿ ಎಂದು ಹೆಸರಿಟ್ಟರು. ಹೇಳದೆ ಕೇಳದೆ ಸಂಜೆ ಮನೆಗೆ ಬಂದು ಒಲೆಯ ಮುಂದೆ ಕೂಡುವವಳು ಇನ್ನಾರು? ಪಾನ್ ಅಂಗಡಿಯ ಪೀರಪ್ಪ ಅದನ್ನು ಕೊರಳಿಗೆ ಹಾಕಿಕೊಂಡು ಹಾಲು ಹಿಂಡಲು ಹೋದಾಗ ಅವನ ಎಮ್ಮೆ ಹೆದರಿ ಹಾಲು ಏರಿಸಿಬಿಟ್ಟಿತು. ಕಿವಿಯಲ್ಲಿ ಗುಡ್ ಮಾರ್ನಿಂಗ್ ಅಂದ ಮೇಲೆಯೇ ಇಳಿಸಿತು ಎಂದು ಪೀರಪ್ಪ ಹೇಳುತ್ತಿದ್ದ. ಪೀರಪ್ಪನ ಹಾಲಿನಲ್ಲಿರುವಷ್ಟೇ ನೀರು ಅವನ ಮಾತಿನಲ್ಲೂ ಇರುತ್ತಿತ್ತು.

ಹೀಗಾಗಿ ಆ ಕ್ಲಾಸಿನಲ್ಲಿ ಇಂಗ್ಲಿಷಿಗಿಂತ ಮೋಸ ಜಾಸ್ತಿ ಕಲಿತರು. ಹಿಂದಿನಿಂದ ಚಿವುಟುವುದು, ಸೆರಗಿನಲ್ಲಿ ಜಿರಲೆ ಬಿಡುವುದು, ಹೇಗಾದರೂ ಮಾಡಿ ಎದುರಿನವರ ಬಾಯಿಂದ ಒಂದು ‘ಅಯ್ಯೋ’ ಹೊರಡಿಸುವುದು. ಸುಳ್ಳು ಹೇಳಿ ಹೆದರಿಸಬಹುದಿತ್ತು, ಆದರೆ ಅದನ್ನೂ ಇಂಗ್ಲಿಷಿನಲ್ಲೇ ಹೇಳಬೇಕು. ಆ ದಾರಿ ಮೊದಲು ಕಂಡುಹಿಡಿದವಳು ಸಾಬಮ್ಮ. ಒಂದು ಸಂಜೆ ಸವತಿ ಅವಳ ಕೊರಳಲ್ಲಿತ್ತು. ಅವಳು ಪಕ್ಕದಲ್ಲಿದ್ದ ರಹೀಮಾಳ ಕಡೆ ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು, ಯುವರ್ ಮದರ್ ಸೀರಿಯಸ್ ಎಂದಳು. ರಹೀಮಾ ಚಾಪೆಯಿಂದ ಎದ್ದುನಿಂತು ಅಮ್ಮೀ ಎಂದು ಕೂಗಿದಳು. ಸವತಿ ಕೊರಳು ಬದಲಾಯಿಸಿದಳು. ರಹೀಮಾ ಕ್ಲಾಸು ಮುಗಿಯುವ ತನಕ ಅತ್ತಳು. ಆಮೇಲೆ ಮನೆಯ ದಾರಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು, ಯಾಕೆಂದರೆ ಅವರು ಅಂಥ ಗೆಳತಿಯರು.

ಅಂದಿನಿಂದ ಇಡೀ ಕ್ಲಾಸಿಗೆ ಆ ಚಟ ಹತ್ತಿತು. ಆ ತಿಂಗಳು ವಾಡಿಯಲ್ಲಿ ಸೀರಿಯಸ್ ಆಗದ ತಾಯಿಯೇ ಉಳಿಯಲಿಲ್ಲ. ಸತ್ತು ಎಷ್ಟೋ ವರ್ಷವಾದ ತಾಯಂದಿರೂ ಎದ್ದು ಬಂದು ಸೀರಿಯಸ್ ಆಗಿ ಹೋದರು. ಕಡೆಗೆ ಯಾರಾದರೂ ಸೀರಿಯಸ್ ಎಂದರೆ ಎದುರಿನವರು ತಣ್ಣಗೆ, ಥ್ಯಾಂಕ್ಯೂ, ಯುವರ್ ಮದರ್ ಆಲ್ಸೋ ಸೀರಿಯಸ್ ಎನ್ನುವ ಹಂತಕ್ಕೆ ಬಂದಿತ್ತು.

ಈಗ ಸಾಬಮ್ಮನ ಕಾಲಿನ ವಿಷಯ. ಗಂಡ ತೀರಿದ ಮೇಲೆ ಅವಳು ಶಹಾಬಾದ್ ರಸ್ತೆಯ ಒಂದು ಫರ್ಸಿ ಕಾರ್ಖಾನೆಯಲ್ಲಿ ಪಾಲಿಶ್ ಮಷಿನ್ನಿಗೆ ಕಲ್ಲು ಕೊಡುವ ಕೆಲಸಕ್ಕೆ ಸೇರಿದಳು. ಮಷಿನ್ನು ತಿರುಗುವಾಗ ನೀರು ಸುರಿಯುತ್ತಲೇ ಇರಬೇಕು. ಕಲ್ಲಿನ ಹಿಟ್ಟು ನೀರಿಗೆ ಸೇರಿ ಬಿಳಿ ಅಂಬಲಿಯಂಥ ಕೆಸರು. ಬೆಳಗಿನಿಂದ ಸಂಜೆಯ ತನಕ ಆ ಕೆಸರಿನಲ್ಲಿಯೇ ನಿಲ್ಲಬೇಕು. ಬೆರಳ ಸಂದಿಯ ಚರ್ಮ ನೀರು ತಿಂದು ತಿಂದು ಬೆಳ್ಳಗಾಗಿ ಸುಲಿಯುತ್ತಿತ್ತು. ಮನೆಯಲ್ಲಿ ಮಲಗಿದಾಗಲೂ ಕಾಲು ಒದ್ದೆ ಇದ್ದಂತೆಯೇ ಅನಿಸುತ್ತಿತ್ತು. ಅದೇ ಮಷಿನ್ನಿನ ಆಚೆಯ ಬದಿಯಲ್ಲಿ ಪಾಲಿಶ್ ಆದ ಕಲ್ಲು ಎತ್ತಿಕೊಳ್ಳುವವಳು ರಹೀಮಾ. ಅವಳ ಕಾಲೂ ಅದೇ ಕಾಲು.

ರಹೀಮಾಳ ತಾಯಿ ಜೈತುನ್ಬೀ ಮಗ ಫರ್ಹಾನ್ ಜೊತೆಗೆ ಶಹಾಬಾದಿನಲ್ಲಿ, ರೈಲ್ವೆ ಹಳಿಯ ಮಗ್ಗುಲ ಮನೆಯಲ್ಲಿ ಇದ್ದಳು. ಮಗಳನ್ನು ನೋಡಲು ವಾಡಿಗೆ ಬಂದಾಗಲೆಲ್ಲ ಮದರಂಗಿ ಎಲೆ ಅರೆದು ತರುತ್ತಿದ್ದಳು. ಮೊದಲು ಸಾಬಮ್ಮನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಸಂದಿಗೆ ಹಚ್ಚುವಳು, ಆಮೇಲೆ ಮಗಳದು. ಮಗಳ ಕಾಲಿಗೆ ಮೊದಲು ಹಚ್ಚಿದರೆ ಸಾಬಮ್ಮನಿಗೆ ಉಳಿದದ್ದು ಹಚ್ಚಿದಂತಾಗುತ್ತದೆ, ಅದು ಸರಿಯಲ್ಲ ಎನ್ನುತ್ತಿದ್ದಳು.

ಇಂಥ ಕಾಲಿನ ಸಾಬಮ್ಮ ಒಂದು ದಿನ ಚಿತ್ತಾಪುರ ರಸ್ತೆಯಲ್ಲಿ ಒಂದು ಕುರ್ಚಿ ಕಂಡಳು.

ಸೇಡಂನ ರಮೇಶಕುಮಾರ ಎಂಬ ಸಾಹುಕಾರರು ಅಲ್ಲಿ ಜಯಮಾಲಾ ಲಾಡ್ಜ್ ಎಂದು ತಾಯಿಯ ಹೆಸರಿನಲ್ಲಿ ಹೊಸದೊಂದು ಕಟ್ಟಿಸಿದ್ದರು. ಗಾಜಿನ ಬಾಗಿಲು, ಒಳಗೆ ಕೌಂಟರು, ಕೌಂಟರಿನ ಹಿಂದೆ ತಿರುಗುವ ಕುರ್ಚಿ. ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ. ಸಾಬಮ್ಮ ನೋಡಿದ್ದು ಕುರ್ಚಿಯನ್ನಲ್ಲ, ಕುರ್ಚಿಯ ಕೆಳಗಿನ ನೆಲವನ್ನು. ಅದು ಒಣಗಿತ್ತು. ಹಪ್ಪಳದ ಹಾಗೆ ಒಣಗಿತ್ತು. ಅಲ್ಲಿ ಕೂತವಳ ಕಾಲಿಗೆ ದಿನವಿಡೀ ಒಂದು ಹನಿ ನೀರೂ ತಾಗುವುದಿಲ್ಲ.

ಆ ಕುರ್ಚಿಗೆ ಇಂಗ್ಲಿಷ್ ಬಲ್ಲ ಹೆಂಗಸು ಬೇಕೆಂದು ಸಾಹುಕಾರರು ಅಶೋಕಕುಮಾರರಿಗೆ ಹೇಳಿ ಕಳಿಸಿದ್ದರು. ಸಿಮೆಂಟಿನ ಮಷಿನ್ನು ಕೂರಿಸಲು ದೇಶವಿದೇಶದ ಇಂಜಿನಿಯರುಗಳು ಬಂದು ಇಳಿಯುತ್ತಾರೆ, ಅವರ ಮುಂದೆ ಮರ್ಯಾದೆ ಹೋಗಬಾರದು ಎಂದು. ಅಶೋಕಕುಮಾರರು ಸೋಮವಾರ ಕ್ಲಾಸಿನಲ್ಲಿ ಅನೌನ್ಸ್ ಮಾಡಿದರು. ಈ ವಾರ ಪೂರ್ತಿ ಲಾಡ್ಜಿನ ಪಾಠ. ಶನಿವಾರದ ತನಕ ಯಾವ ಹೆಂಗಸಿನ ಕೊರಳಿಗೆ ಸವತಿ ತಾಗಿರುವುದಿಲ್ಲವೋ ಅವಳಿಗೆ ಕುರ್ಚಿ. ಇಬ್ಬರು ಉಳಿದರೆ ಒಬ್ಬಳು ಬೀಳುವ ತನಕ ಕ್ಲಾಸು ಏಳುವುದಿಲ್ಲ.

ಆ ವಾರದ ಚಿವುಟಾಟ ಹೇಳತೀರದು. ಸೂಜಿ ಬಂದವು, ಕೆಂಜಿಗ ಬಂದವು. ಒಬ್ಬ ಟೇಲರಮ್ಮ ಕೆಂಜಿಗ ಕಚ್ಚಿದಾಗಲೂ ತಡೆದುಕೊಂಡು, ವೆರಿ ನೈಸ್, ವೆರಿ ನೈಸ್ ಎಂದು ಕುಣಿದಳು. ಆದರೆ ಎರಡನೆಯದು ಕಚ್ಚಿದಾಗ ಅವಳ ಬಾಯಿಂದ ಬಂದದ್ದು ಯಾವ ಭಾಷೆಯಲ್ಲೂ ಬರೆಯುವ ಹಾಗಿರಲಿಲ್ಲ. ಒಬ್ಬೊಬ್ಬರೇ ಬಿದ್ದರು. ಶನಿವಾರಕ್ಕೆ ಉಳಿದವರು ಸಾಬಮ್ಮ ಮತ್ತು ರಹೀಮಾ. ಮಷಿನ್ನಿನ ಆಚೆ ಈಚೆ ನಿಂತ ಇಬ್ಬರೂ ಆ ವಾರ ಕೆಲಸದಲ್ಲಿಯೂ ಮಾತು ಬಿಟ್ಟಿದ್ದರು, ಎಲ್ಲಿ ರೂಢಿ ತಪ್ಪುತ್ತದೋ ಎಂದು. ರೊಟ್ಟಿಯ ಗಂಟು ಮಾತ್ರ ಒಟ್ಟಿಗೇ ಬಿಚ್ಚುತ್ತಿದ್ದರು. ಪಲ್ಯ ಬೇಕೆಂದರೆ ಬೆರಳು ತೋರಿಸುವುದು.

ಶನಿವಾರ ಮಷಿನ್ನು ತೊಳೆಯುವ ಪಾಳಿ ಸಾಬಮ್ಮನದು. ಅವಳು ಭವನದ ಮೆಟ್ಟಿಲಿಗೆ ಬರುವಾಗ ಒಳಗೆ ಎಲ್ಲರೂ ಕೂತಾಗಿತ್ತು. ಫೋನು ಬಂದ್ ಮಾಡಲೆಂದು ಸೊಂಟದಿಂದ ತೆಗೆದಳು, ಅದು ಕೈಯಲ್ಲಿಯೇ ರಿಂಗಾಯಿತು. ಫರ್ಹಾನ್.

“ಸಾಬಮ್ಮಕ್ಕಾ, ರಹೀಮಾನ ಫೋನ್ ಹತ್ತವಲ್ದು. ಅಮ್ಮಿಗಿ ಉಸರು ಹತ್ಯಾದ. ಡಾಕ್ಟರು ಮನಿಗಿ ಒಯ್ರಿ ಅಂದ್ರು. ರಹೀಮಾ ಎಲ್ಲಿ, ರಹೀಮಾ ಎಲ್ಲಿ ಅಂತ ಒಂದೇ ಸವನ ಕೇಳಾಕತ್ತಾಳ. ನಾ ಬಿಟ್ಟು ಬರಲಿಕ್ಕಿ ಆಗಂಗಿಲ್ಲ. ಈಗಿನ ಪ್ಯಾಸೆಂಜರಿಗಿ ಆಕಿನ್ನ ಹತ್ತಿಸಿಬಿಡಕ್ಕಾ.”

ಹತ್ತಸ್ತೀನಿ ಎನ್ನುವಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು.

ಸಾಬಮ್ಮ ಚಪ್ಪಲಿ ಬಿಟ್ಟು ಓಡಿಯೇ ಮೆಟ್ಟಿಲು ಹತ್ತಿದಳು. ಅದು ಸುಳ್ಳಲ್ಲ, ಓಡುವಾಗ ಅವಳ ಮನಸ್ಸಿನಲ್ಲಿ ಜೈತುನ್ಬೀಯ ತೊಡೆ, ಅದರ ಮೇಲೆ ತನ್ನ ಕಾಲು, ಇಷ್ಟೇ ಇತ್ತು. ಹೊಸ್ತಿಲು ದಾಟಿದಾಗ ಪೀರಪ್ಪ ಕಂಡ. ಸವತಿ ಅವನ ಕೊರಳಲ್ಲಿತ್ತು. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಬೆಕ್ಕು ಇಲಿಯ ಬಿಲದ ಮುಂದೆ ಕೂಡುವ ಹಾಗೆ, ಕಿವಿ ಎತ್ತಿ ಕೂತಿದ್ದ. ಸಾಬಮ್ಮನನ್ನು ನೋಡಿ ಹಗ್ಗ ಸಡಿಲ ಮಾಡಿಕೊಂಡ.

ಅವಳ ಬಾಯಿ ಮುಚ್ಚಿತು. ಫೋನು ಬೋಗುಣಿಗೆ ಬಿತ್ತು.

ಕೋಣೆಯ ನಡುವೆ ಒಂದು ಮೇಜು ಇಟ್ಟಿದ್ದರು. ಮೇಜಿನ ಆಚೆ ಖಾಲಿ ಕುರ್ಚಿ, ಈಚೆ ರಹೀಮಾ. ಸಾಬಮ್ಮ ಲಾಡ್ಜಿನವಳು, ರಹೀಮಾ ಗಿರಾಕಿ. ಅಶೋಕಕುಮಾರರು ಕೈಯೆತ್ತಿ, ಬಿಗಿನ್ ಎಂದರು.

ಸಾಬಮ್ಮ ಕೂತಳು. ಕನ್ನಡದಲ್ಲಿ ಹೇಳಿದರೆ ರಹೀಮಾ ಆ ಕ್ಷಣವೇ ನಂಬುತ್ತಾಳೆ, ಅದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳುವುದಕ್ಕಾಗಿ ಯಾರೂ ಸವತಿಯನ್ನು ಕೊರಳಿಗೆ ಹಾಕಿಕೊಳ್ಳುವುದಿಲ್ಲ. ಒಂದು ಮಾತು ಸಾಕು. ಆದರೆ ಆ ಮಾತಿನ ಹಿಂದೆಯೇ ಪೀರಪ್ಪ ಎದ್ದು ಬರುತ್ತಾನೆ, ಕುರ್ಚಿ ಹೋಗುತ್ತದೆ, ಸೋಮವಾರ ಬೆಳಿಗ್ಗೆ ಮತ್ತೆ ಆ ಬಿಳಿ ನೀರು. ಅದೇ ಇಂಗ್ಲಿಷಿನಲ್ಲಿ ಹೇಳಿದರೆ? ರಹೀಮಾ ಅಮ್ಮೀ ಎಂದು ಕೂಗಿ ಏಳುತ್ತಾಳೆ, ಸವತಿ ಅವಳ ಪಾಲಿಗೆ ಹೋಗುತ್ತದೆ, ಅವಳಿಗೆ ಗಾಡಿಯೂ ಸಿಗುತ್ತದೆ, ತನಗೆ ಕುರ್ಚಿಯೂ ಸಿಗುತ್ತದೆ. ಯಾರಿಗೂ ಮೋಸವಿಲ್ಲ. ಇಷ್ಟೆಲ್ಲ ಲೆಕ್ಕ ಅವಳ ತಲೆಯಲ್ಲಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆಗಿಹೋಯಿತು.

“ಯುವರ್ ಮದರ್ ಸೀರಿಯಸ್,” ಎಂದಳು. “ಶಹಾಬಾದ್. ಗೋ.”

ಕ್ಲಾಸು ಗೊಳ್ಳೆಂದು ನಕ್ಕಿತು. ಇಷ್ಟು ದಿನ ಆದ ಮೇಲೆ ಮತ್ತೆ ಅದೇ ಹಳೆಯ ಬಾಣವೇ ಎಂದು. ರಹೀಮಾ ಕಾಲ ಮೇಲೆ ಕಾಲು ಹಾಕಿ ಕೂತು, ಗಿರಾಕಿಯ ಗತ್ತಿನಲ್ಲಿ ಹೇಳಿದಳು.

“ಥ್ಯಾಂಕ್ಯೂ ಸಿಸ್ಟರ್. ಯುವರ್ ಮದರ್ ಆಲ್ಸೋ.”

ಸಾಬಮ್ಮ ಮೇಜಿನ ಮೇಲೆ ಬಾಗಿದಳು. ಟ್ರೂ ಎಂದಳು. ಪ್ರಾಮಿಸ್ ಎಂದಳು. ಎದೆ ಮುಟ್ಟಿಕೊಂಡು ಉಸಿರು ಎಳೆದು ತೋರಿಸಿದಳು. ಹಿಂದಿನ ಸಲವೂ ಅವಳು ಕಣ್ಣೀರು ತಂದುಕೊಂಡಿದ್ದಳಲ್ಲ, ಎಲ್ಲರಿಗೂ ಅದು ನೆನಪಿತ್ತು. ಯಾರೋ ಸಿಳ್ಳೆ ಹಾಕಿದರು. ಅಶೋಕಕುಮಾರರು ಮೇಜು ಕುಟ್ಟಿ, ನಾಟಕ ಬೇಡ, ಲಾಡ್ಜಿನ ಮಾತು ಆಡಬೇಕೆಂದು ಇಂಗ್ಲಿಷಿನಲ್ಲಿ ಗದರಿಸಿದರು.

ಲಾಡ್ಜಿನ ಮಾತು ಎಂದರೆ ಅವಳ ಹತ್ತಿರ ಇದ್ದದ್ದು ಆ ವಾರ ಕಲಿತ ನಾಲ್ಕಾರು ಸಾಲು. ರೂಮು ರೆಡಿ ಇದೆ, ಬಿಸಿನೀರು ಬರುತ್ತದೆ, ದಯಮಾಡಿ ಕೂತುಕೊಳ್ಳಿ, ದಯಮಾಡಿ ರೂಮು ಖಾಲಿ ಮಾಡಿ. ಒಬ್ಬ ಮುದುಕಿ ಸಾಯುತ್ತಿದ್ದಾಳೆ ಎಂದು ಹೇಳಲು ಅದರಲ್ಲಿ ಯಾವುದು ಬರುತ್ತದೆ? ಅವಳು ಒಂದನ್ನು ಆರಿಸಿಕೊಂಡಳು.

“ಮೇಡಂ, ಯುವರ್ ಮದರ್ ಈಸ್ ವೆಕೇಟಿಂಗ್ ದಿ ರೂಮ್. ಪ್ಲೀಸ್ ಗೋ.”

“ನೋ ಪ್ರಾಬ್ಲಂ,” ಎಂದಳು ರಹೀಮಾ. “ಟೆಲ್ ಹರ್ ಹ್ಯಾಪಿ ಜರ್ನಿ.”

ಚಪ್ಪಾಳೆ ಬಿತ್ತು. ಇಂಥ ಜಾಣ ಉತ್ತರ ಆ ಕ್ಲಾಸಿನಲ್ಲಿ ಯಾರೂ ಕೊಟ್ಟಿರಲಿಲ್ಲ. ರಹೀಮಾ ಸುತ್ತ ನೋಡಿ ನಾಚಿಕೊಂಡಳು, ಮದುವೆಯ ದಿನ ನಾಚಿದ ಹಾಗೆ.

ಅಷ್ಟರಲ್ಲಿ ದೂರದಲ್ಲಿ ಕೂಗು ಕೇಳಿತು. ಅಶೋಕಕುಮಾರರ ಕೈ ಗಾಳಿಯಲ್ಲಿ ನಿಂತಿತು. ಕುತ್ತಿಗೆ ನೆಟ್ಟಗಾಯಿತು. ಆ ದನಿ, ಮುಂಬಯಿ ಮೇಲನ್ನು ಕೈ ಹಿಡಿದು ಕರೆತರುತ್ತಿದ್ದ ಆ ದನಿ, ಇಡೀ ಭವನವನ್ನು ತುಂಬಿತು. ಪ್ರಯಾಣಿಕರು ಗಮನ ಕೊಡಬೇಕು, ಶಹಾಬಾದ್ ಮಾರ್ಗವಾಗಿ ಕಲಬುರಗಿಗೆ ಹೋಗುವ ಪ್ಯಾಸೆಂಜರ್ ಬರುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಪದ್ಧತಿಯ ಹಾಗೆ ಅದನ್ನೇ ಮತ್ತೊಮ್ಮೆ ಹೇಳಿದರು.

ಸಾಬಮ್ಮ ರಹೀಮಾಳ ಮುಖ ನೋಡಿದಳು. ಸ್ಟೇಷನ್ನು ಭವನದ ಗೋಡೆಯ ಆಚೆಗೇ ಇತ್ತು. ಈಗ ಎದ್ದರೂ ಗಾಡಿ ಸಿಗುತ್ತದೆ. ನಾಲಿಗೆಯ ತುದಿಗೆ ‘ನಿಮ್ಮವ್ವ’ ಎಂಬ ಮಾತು ಬಂದು ಕೂತಿತು. ಪೀರಪ್ಪ ಮೊಣಕಾಲ ಮೇಲೆ ಎದ್ದ, ವಾಸನೆ ಹತ್ತಿದವನ ಹಾಗೆ. ಸಾಬಮ್ಮ ಮೇಜಿನ ಕೆಳಗೆ ಕಾಲಿನ ಬೆರಳು ಮಡಚಿದಳು. ಸುಲಿದ ಚರ್ಮ ಒಂದಕ್ಕೊಂದು ಅಂಟಿಕೊಂಡಿತು.

“ರೂಮ್ ಈಸ್ ರೆಡಿ,” ಎಂದಳು. “ಹಾಟ್ ವಾಟರ್ ಆಲ್ಸೋ ರೆಡಿ.”

ಗಾಡಿ ನಿಂತಿತು, ಕೂಗಿತು, ಹೊರಟಿತು. ಗೋಡೆಯ ಮೇಲಿನ ಕ್ಯಾಲೆಂಡರು ಸ್ವಲ್ಪ ಅಲ್ಲಾಡಿ ಸುಮ್ಮನಾಯಿತು.

ಆಮೇಲಿನ ಪಾಠ ಸರಾಗವಾಗಿ ನಡೆಯಿತು. ಗಿರಾಕಿ ಸೋಪು ಕೇಳಿದಳು, ಲಾಡ್ಜಿನವಳು ಸೋಪು ಕೊಟ್ಟಳು. ಗಿರಾಕಿ ಸೊಳ್ಳೆಯ ದೂರು ಹೇಳಿದಳು, ಲಾಡ್ಜಿನವಳು ಸಾರಿ ಎಂದಳು. ಇಬ್ಬರಲ್ಲಿ ಯಾರೂ ಬೀಳಲಿಲ್ಲ. ಅಶೋಕಕುಮಾರರಿಗೆ ಹೆಮ್ಮೆ, ತಮ್ಮ ಕ್ಲಾಸಿನಲ್ಲಿ ಇಷ್ಟು ಹೊತ್ತು ಬರೀ ಇಂಗ್ಲಿಷ್ ಕೇಳಿದ್ದು ಅವರಿಗೂ ಹೊಸದು. ಕೂತವರಿಗೆ ಆಕಳಿಕೆ ಬರತೊಡಗಿತ್ತು. ಆಗ ಹೊರಗೆ ಮೋಟರ್‌ಸೈಕಲ್ ನಿಂತ ಸಪ್ಪಳವಾಯಿತು.

ಫರ್ಹಾನ್ ಬಾಗಿಲಲ್ಲಿ ನಿಂತ. ಸಾವಿನ ಮನೆಯವರು ಕಟ್ಟುವ ಹಾಗೆ ತಲೆಗೆ ದಸ್ತಿ ಕಟ್ಟಿಕೊಂಡಿದ್ದ. ಅಕ್ಕನನ್ನು ನೋಡಿದ. ರಹೀಮಾ ಆ ದಸ್ತಿ ನೋಡಿದಳು. ಕುರ್ಚಿ ಹಿಂದಕ್ಕೆ ಬಿತ್ತು.

“ಅಮ್ಮೀ,” ಎಂದಳು.

ಪೀರಪ್ಪ ಕೆಟ್ಟವನೇನೂ ಅಲ್ಲ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಂಗಡಿ ಮುಚ್ಚಿ ಹೋಗುವವನು. ಆದರೆ ಕೈಗೆ ಒಂದು ರೂಢಿ ಬಿದ್ದರೆ ಅದು ಧಣಿಯನ್ನು ಕೇಳುವುದಿಲ್ಲ. ರಹೀಮಾ ಬಾಗಿಲಿಗೆ ಬರುವಷ್ಟರಲ್ಲಿ ಅವನ ಕೈ ಸವತಿಯನ್ನು ತನ್ನ ಕೊರಳಿಂದ ತೆಗೆದು ಅವಳ ಕೊರಳಿಗೆ ಹಾಕಿತ್ತು. ಅವಳಿಗೆ ಗೊತ್ತಾಯಿತೋ ಇಲ್ಲವೋ. ಅದನ್ನು ಹಾಕಿಕೊಂಡೇ ಮೆಟ್ಟಿಲು ಇಳಿದಳು, ಹಾಕಿಕೊಂಡೇ ತಮ್ಮನ ಹಿಂದೆ ಗಾಡಿ ಹತ್ತಿದಳು. ಮೋಟರ್‌ಸೈಕಲ್ ತಿರುವು ದಾಟಿದ ಮೇಲೆ ಪೀರಪ್ಪ ತನ್ನ ಖಾಲಿ ಕೊರಳು ಮುಟ್ಟಿಕೊಂಡು ನೆಲಕ್ಕೆ ಕೂತ.

ಯಾರೋ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಕಡೆಗೆ ಅಶೋಕಕುಮಾರರು ಗಂಟಲು ಸರಿಮಾಡಿಕೊಂಡರು. ಮೈಕಿನ ಮುಂದೆ ಕೂತವರಿಗೆ ಮೌನ ಎಂದರೆ ಮೈಕು ಕೆಟ್ಟಂತೆ. ಏನಾದರೂ ಹೇಳಲೇಬೇಕಿತ್ತು, ಅವರ ಬಾಯಿಗೆ ಬಂದದ್ದು ಅದೊಂದೇ.

“ಕಂಗ್ರಾಜುಲೇಷನ್ಸ್, ಸಾಬಮ್ಮ.”

ಮರುದಿನದ ಮಣ್ಣಿಗೆ ಕ್ಲಾಸಿನವರೆಲ್ಲ ಶಹಾಬಾದಿಗೆ ಹೋದರು. ಸಾಬಮ್ಮ ಕಾಲು ನೋವೆಂದು ಹೋಗಲಿಲ್ಲ. ಕಾಲು ನೋಯುತ್ತಿದ್ದದ್ದೂ ನಿಜವೇ. ಮನೆಯಲ್ಲಿ ಕೂತು ತನಗೆ ತಾನೇ ಲೆಕ್ಕ ಒಪ್ಪಿಸಿಕೊಂಡಳು. ಹೇಳಲಿಲ್ಲ ಎನ್ನಲಾಗುವುದಿಲ್ಲ, ಹೇಳಿದ್ದೇನೆ. ಒಮ್ಮೆಯಲ್ಲ, ಮತ್ತೆ ಮತ್ತೆ ಹೇಳಿದ್ದೇನೆ. ಅವಳೇ ಕೇಳಲಿಲ್ಲ. ಸೋಮವಾರ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಲಾಡ್ಜಿಗೆ ಹೋದಳು.

ಸಾಹುಕಾರರು ಸೇಡಂನಲ್ಲಿಯೇ ಇರುತ್ತಿದ್ದರು. ಕೌಂಟರಿನ ಮೇಲೆ ಗೋಡೆಗೆ ಕ್ಯಾಮೆರಾ ಹಾಕಿಸಿದ್ದರು. ಮಾತೂ ಕೇಳುವ ಕ್ಯಾಮೆರಾ. ಊಟ ಮಾಡುತ್ತ, ಎಲೆ ಅಡಿಕೆ ಹಾಕುತ್ತ ಫೋನಿನಲ್ಲಿ ನೋಡುತ್ತಿದ್ದರು. ಕೌಂಟರಿನ ಹಿಂದೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೇಳಿದರೆ ಮರುದಿನ ಬರಬೇಡ ಎಂದು ಮೊದಲ ದಿನವೇ ಹೇಳಿದ್ದರು. ತಮಾಷೆ ಎಂದರೆ ಬರುವ ಇಂಜಿನಿಯರುಗಳಲ್ಲಿ ಇಂಗ್ಲಿಷ್ ಆಡುವವನು ಒಬ್ಬನೂ ಇರಲಿಲ್ಲ. ತೆಲುಗಿನಲ್ಲಿ ಚಾದರ ಕೇಳುತ್ತಿದ್ದರು, ಹಿಂದಿಯಲ್ಲಿ ಚಹಾ ಕೇಳುತ್ತಿದ್ದರು. ಒಬ್ಬ ಚೀನಾದವನು ಬಂದಿದ್ದ. ಅವನು ಬರೀ ಕೈಸನ್ನೆಯಲ್ಲಿ ಒಂದು ವಾರ ಉಳಿದು, ಬಿಸಿನೀರಿಗೆ ಮಾತ್ರ ‘ಬಿಸಿ ನೀರ್ ಕೊಡ್ರಿ’ ಎಂದು ಸುಲೇಪೇಟದ ಸಂತೆಯವರ ಹಾಗೆ ಕೂಗಲು ಕಲಿತು ಹೋದ. ಸಾಬಮ್ಮ ಎಲ್ಲರಿಗೂ ವೆಲ್ಕಮ್ ಸರ್, ಪ್ಲೀಸ್ ಸಿಟ್ ಎಂದು ಹೇಳುತ್ತಿದ್ದಳು.

ಕಾಲು ಒಣಗಿತು. ಮೊದಲು ಉರಿ ಹೋಯಿತು, ಆಮೇಲೆ ಬಿಳುಪು ಹೋಯಿತು. ಬೆರಳ ಸಂದಿಯಲ್ಲಿ ಹೊಸ ಚರ್ಮ ಬಂತು, ಆಗತಾನೆ ಹುಟ್ಟಿದ ಮಗುವಿನ ಚರ್ಮದ ಹಾಗೆ. ಅವಳು ಕುರ್ಚಿ ತಿರುಗಿಸಿಕೊಂಡು, ಯಾರೂ ಇಲ್ಲದಾಗ ಬಗ್ಗಿ ಅದನ್ನು ನೋಡಿಕೊಳ್ಳುತ್ತಿದ್ದಳು.

ಒಂದು ಸಂಜೆ ಗಾಜಿನ ಬಾಗಿಲು ತೆರೆದು ರಹೀಮಾ ಒಳಗೆ ಬಂದಳು. ಕೆಲಸದಿಂದ ನೇರ ಬಂದಿದ್ದಳು. ಸೀರೆಯ ಅಂಚಿನ ತನಕ ಬಿಳಿ ಕೆಸರು, ಕೊರಳಲ್ಲಿ ಸವತಿ. ಕೌಂಟರಿನ ಮುಂದೆ ಬಂದು ನಿಂತಳು. ಸಾಬಮ್ಮ ಕುರ್ಚಿಯಿಂದ ಅರ್ಧ ಎದ್ದು, ಮೇಲೆ ನೋಡಿ, ಮತ್ತೆ ಕೂತಳು. ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು.

“ಅಕ್ಕಾ, ಗಾಡಿ ಬರಾಕಿಂತ ಮೊದಲೇ ಫರ್ಹಾನ್ ನಿನಗ ಫೋನ್ ಮಾಡಿದ್ನಂತ,” ಎಂದಳು ರಹೀಮಾ. ದನಿ ಏರಿರಲಿಲ್ಲ. “ಖರೆ ಏನು?”

ಸಾಬಮ್ಮ ಕೌಂಟರಿನ ಮೇಲಿನ ಪೆನ್ನು ಸರಿಸಿ ಇಟ್ಟಳು.

“ಗಾಡಿ ಸಪ್ಪಳಾ ಕೇಳಿ ಅಮ್ಮಿ, ಬಂದ್ಳು ನೋಡು, ಬಾಗಲಾ ತೆಗಿ ಅಂದ್ಳಂತ. ಇವ ತೆಗದು ನಿಂತಾನ. ಆಕಿ ಬಾಗಲದ ಕಡಿನೇ ನೋಡಕೋತ ಹೋಗ್ಯಾಳ. ಇರಲಿ. ಎಲ್ಲಾರ ಅಮ್ಮಂದೂ ಒಂದಿನ ಹೋಗಾದೇ. ನಾ ಇದನ್ನ ಹಾಕ್ಕೊಂಡು ಆಕಿ ಮುಂದ ನಿಂತಿದ್ದೆ. ಹೆಂಗಸರು ಇದ್ಯಾವ ತಾಯತವ್ವಾ ಅಂತ ಕೇಳಾಕತ್ತಿದ್ರು.” ಅವಳು ಸವತಿಯನ್ನು ಕೊರಳಿಂದ ತೆಗೆದು ಕೌಂಟರಿನ ಮೇಲಿಟ್ಟಳು. “ನನಗ ಒಂದೇ ಮಾತು ಬೇಕಾಗ್ಯಾದ. ಆವತ್ತು ನಿನಗ ಗೊತ್ತಿತ್ತೋ ಇಲ್ಲೋ? ಹೂಂ ಅನು, ಇಲ್ಲಂದ್ರ ಇಲ್ಲ ಅನು. ನಮ್ಮ ಮಾತಿನಾಗ ಅನು, ನಾ ಹೋಗ್ತೀನಿ. ಜಗಳಕ್ಕ ಬಂದಿಲ್ಲ ನಾ.”

ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು. ರಹೀಮಾ ನಂಬಿ ಹೋಗುತ್ತಿದ್ದಳು. ನಂಬಲಿಕ್ಕೆಂದೇ ಬಂದವಳು ಅವಳು. ಮನೆಯ ಮಾತಿನಲ್ಲಿ ಒಂದು ಇಲ್ಲ. ಸಾಬಮ್ಮ ಕೆಂಪು ಚುಕ್ಕೆಯ ಕಡೆ ನೋಡಿದಳು. ಆಮೇಲೆ ಎದುರಿಗಿನ ಸೋಫಾದ ಕಡೆ ಕೈ ತೋರಿಸಿದಳು.

“ವೆಲ್ಕಮ್ ಮೇಡಂ. ಪ್ಲೀಸ್ ಸಿಟ್.”

ರಹೀಮಾ ಅವಳನ್ನೇ ನೋಡಿದಳು. ಹೊಸ ಹಾಡು ಕೇಳಿದವರು ಅರ್ಥವಾಗದೆ ನೋಡುವ ಹಾಗೆ ಸ್ವಲ್ಪ ಹೊತ್ತು, ಆಮೇಲೆ ಅರ್ಥವಾದ ಹಾಗೆ ಸ್ವಲ್ಪ ಹೊತ್ತು. ಸೋಫಾದಲ್ಲಿ ಕೂಡಲಿಲ್ಲ. ಸವತಿಯನ್ನು ಅಲ್ಲಿಯೇ ಬಿಟ್ಟು ಹೋದಳು. ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು, ಅದು ಅಂಥ ಬಾಗಿಲು.

ಕೌಂಟರಿನ ಫೋನು ರಿಂಗಾಯಿತು. ಸಾಹುಕಾರರು ಸೇಡಂನಿಂದ ನೋಡಿದ್ದರು.

“ಯಾರಾಕಿ? ಗಿರಾಕಿ ಏನು?”

“ನೋ ಸರ್,” ಎಂದಳು ಸಾಬಮ್ಮ. “ನೋಬಡಿ ಸರ್.”

ಸಾಹುಕಾರರಿಗೆ ಸಂತೋಷವಾಯಿತು. ಎದುರಿನವಳು ಎಷ್ಟು ಕನ್ನಡ ಆಡಿದರೂ ನೀನು ಜಗ್ಗಲಿಲ್ಲ ಎಂದು ಹೊಗಳಿದರು. ಆದರೆ ನೆಲದ ಮೇಲೆ ಅವಳ ಕಾಲಿನ ಗುರುತು ಬಿದ್ದಿವೆ, ಒರೆಸು ಎಂದರು. ಸಾಬಮ್ಮ ಕುರ್ಚಿಯಿಂದ ಇಳಿದು, ಮಂಡಿಯೂರಿ, ಬಾಗಿಲಿನಿಂದ ಕೌಂಟರಿನ ತನಕ ಸಾಲಾಗಿದ್ದ ಬಿಳಿಯ ಪಾದಗಳನ್ನು ಒಂದೊಂದಾಗಿ ಒರೆಸಿದಳು. ಪ್ರತಿಯೊಂದರಲ್ಲೂ ಬೆರಳ ಸಂದಿಯಲ್ಲಿ ಚರ್ಮ ಸುಲಿದದ್ದು ಕಾಣುತ್ತಿತ್ತು. ಆ ಗುರುತು ಯಾರದೆಂದು ಊರಲ್ಲಿ ಬೇರೆ ಯಾರಿಗೂ ಗೊತ್ತಾಗದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ತನ್ನದೂ ಹಾಗೆಯೇ ಇತ್ತಲ್ಲ.

ಕೌಂಟರಿನ ಮೇಲೆ ಕಲ್ಲು ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಎತ್ತಿ ಕೌಂಟರಿನ ಕೆಳಗೆ ಇಟ್ಟಳು. ಕಾಲಿಡಲು ಬೇರೆ ಜಾಗವಿಲ್ಲದ್ದರಿಂದ ಅದರ ಮೇಲೆಯೇ ಕಾಲು ಇಟ್ಟು ಕೂತಳು. ಫರ್ಸಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ.

ಹೊರಗೆ ಸಂಜೆಯ ಪ್ಯಾಸೆಂಜರ್ ಕೂಗಿತು. ಸಾಬಮ್ಮ ಬಗ್ಗಿ ಕಾಲಿನ ಬೆರಳ ಸಂದಿಗಳನ್ನು ಮುಟ್ಟಿ ನೋಡಿಕೊಂಡಳು. ಒಣಗಿದ್ದವು.